ನ್ಯಾನೋ ಫಿಲ್ಟರ್‌ಗೆ ದುಡ್ಡು ಕೊಡುವ ಮೊದಲು: ನಮ್ಮ ನೀರು, ಧೂಳು, ಹೊಟ್ಟಿನ ಬಗ್ಗೆ ಒಂದು ಚರ್ಚೆ

ಕುಷ್ಟಗಿ_ಕೆಮಿಸ್ಟ್ರಿ

ಈಗ ನಮ್ಮ ಕಡೆ ಎಲ್ಲಿ ಹೋದರೂ ನ್ಯಾನೋ. ನೀರಿಗೆ ನ್ಯಾನೋ ಫಿಲ್ಟರ್, ಗದ್ದೆಗೆ ನ್ಯಾನೋ ಯೂರಿಯಾ, ಸೋಲಾರ್ ಪ್ಯಾನೆಲ್‌ಗೆ ನ್ಯಾನೋ ಕೋಟಿಂಗ್. ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳುತ್ತೇನೆ. ಊರಿನವರು ಪ್ಯಾಂಪ್ಲೆಟ್ ಹಿಡಿದುಕೊಂಡು ಬಂದು "ಇದು ಖರೇನಾ ಮೇಡಂ?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಎಲ್ಲರೂ ಒಂದೇ ಕಡೆ ಮಾತಾಡೋಣ ಅಂತ ಇದನ್ನು ಶುರು ಮಾಡಿದ್ದೇನೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಮೂರೂ ಜಿಲ್ಲೆಯವರು ನಿಮ್ಮ ನಿಮ್ಮ ಊರಿನ ತೊಂದರೆ ಬರೆಯಿರಿ.

ಮೊದಲು ವಿಷಯ ಏನು ಅಂತ ಹೇಳಿಬಿಡುತ್ತೇನೆ. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ತಲೆಕೂದಲು ಸುಮಾರು 80,000 ನ್ಯಾನೋಮೀಟರ್ ದಪ್ಪ ಇರುತ್ತದೆ. 1ರಿಂದ 100 ನ್ಯಾನೋಮೀಟರ್ ಅಳತೆಯ ಕಣಗಳನ್ನು ನ್ಯಾನೋ ಕಣ ಅನ್ನುತ್ತಾರೆ. ಇಷ್ಟು ಸಣ್ಣದು ಮಾಡಿದರೆ ಲಾಭ ಏನು? ಮೇಲ್ಮೈ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಒಂದು ಗಟ್ಟಿಯ ಮೇಲ್ಮೈ ಬರೀ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೋಮೀಟರಿನ ತುಂಡು ಮಾಡಿದರೆ ಎಲ್ಲ ತುಂಡುಗಳ ಮೇಲ್ಮೈ ಕೂಡಿ 6,000 ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಎಕರೆ ಆಗುತ್ತದೆ. ವಸ್ತು ಅಷ್ಟೇ, ತೂಕ ಅಷ್ಟೇ. ನೀರಿನಲ್ಲಿರುವ ವಿಷ ಅಂಟಿಕೊಳ್ಳುವುದು ಮೇಲ್ಮೈಗೆ, ಬ್ಯಾಟರಿಯಲ್ಲಿ ಕೆಲಸ ನಡೆಯುವುದು ಮೇಲ್ಮೈಯಿಂದ. ಅದಕ್ಕೇ ಇದರ ಮೇಲೆ ಇಷ್ಟು ಆಸೆ.

ಆಸೆ ಸುಳ್ಳಲ್ಲ. ಒಳ್ಳೆಯ ಕೆಲಸ ನಡೆದಿದೆ, ನಮ್ಮ ದೇಶದಲ್ಲೇ ನಡೆದಿದೆ. ಆದರೆ ನಾನು ಹೇಳಬೇಕಾದದ್ದು ಬೇರೆ. ವಿಷ ಹಿಡಿಯುವ ವಸ್ತು ಎಷ್ಟೇ ಚೆನ್ನಾಗಿದ್ದರೂ ಒಂದು ದಿನ ತುಂಬುತ್ತದೆ. ತುಂಬಿದ ಮೇಲೆ ಅದನ್ನು ಯಾರು ಬದಲಿಸುತ್ತಾರೆ, ಹಿಡಿದ ವಿಷ ಎಲ್ಲಿ ಹೋಗುತ್ತದೆ, ಈ ಎರಡಕ್ಕೆ ಬರವಣಿಗೆಯಲ್ಲಿ ಉತ್ತರ ಸಿಗದೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಮ್ಮ ಹಳ್ಳಿಗಳಲ್ಲಿ ಬಾಗಿಲು ಹಾಕಿ ನಿಂತಿರುವ ಶುದ್ಧ ನೀರಿನ ಘಟಕಗಳನ್ನು ನೋಡಿ. ಅವುಗಳ ತಂತ್ರಜ್ಞಾನ ಕೆಟ್ಟದ್ದಾಗಿರಲಿಲ್ಲ. ನೋಡಿಕೊಳ್ಳುವವರು ಇರಲಿಲ್ಲ, ಅಷ್ಟೇ.

ಯಲಬುರ್ಗಾ_ಮೆಂಬರ್

ಮೇಡಂ, ಸರಿಯಾದ ಹೊತ್ತಿಗೆ ಶುರು ಮಾಡಿದಿರಿ. ನಾನು ಗ್ರಾಮ ಪಂಚಾಯ್ತಿ ಸದಸ್ಯ. ನಮ್ಮೂರ ಬೋರಿನಲ್ಲಿ ಫ್ಲೋರೈಡ್ ಇದೆ, ಮಕ್ಕಳ ಹಲ್ಲು ನೋಡಿದರೇ ಗೊತ್ತಾಗುತ್ತದೆ, ವಯಸ್ಸಾದವರಿಗೆ ಮಂಡಿ, ಸೊಂಟ ಬಗ್ಗುವುದಿಲ್ಲ. ಇರುವ ಆರ್‌ಒ ಘಟಕ ಕಾಯಿನ್ ಹಾಕಿದರೂ ನೀರು ಬಿಡುವುದಿಲ್ಲ, ಯಾವಾಗಿನಿಂದಲೋ ಹಾಗೇ ಬಿದ್ದಿದೆ. ಮೊನ್ನೆ ಒಬ್ಬರು ಬಂದು ನ್ಯಾನೋ ಫಿಲ್ಟರ್ ಅಂತ ತೋರಿಸಿದರು. ಎರಡು ಗ್ಲಾಸಿನಲ್ಲಿ ನೀರು ಇಟ್ಟು, ಒಂದರಲ್ಲಿ ನಮ್ಮ ಬೋರಿನ ನೀರು, ಇನ್ನೊಂದರಲ್ಲಿ ಅವರ ನೀರು, ಎರಡರಲ್ಲೂ ಕರೆಂಟಿನ ಕಡ್ಡಿ ಇಳಿಸಿದರು. ನಮ್ಮ ನೀರು ನೋಡನೋಡುತ್ತಲೇ ಕಂದು, ಆಮೇಲೆ ಕಪ್ಪು. ಅವರ ನೀರು ಹಾಗೇ ಇತ್ತು. ಸೇರಿದ್ದ ಹೆಣ್ಣುಮಕ್ಕಳೆಲ್ಲ ಗಾಬರಿ ಆಗಿಬಿಟ್ಟರು, "ಇಷ್ಟು ದಿನ ಇದನ್ನೇ ಕುಡಿದೆವಾ" ಅಂತ. ಈಗ ಎಲ್ಲರೂ ಅದನ್ನೇ ತರಿಸಿ ಅಂತ ಹಿಂದೆ ಬಿದ್ದಿದ್ದಾರೆ. ಏನು ಮಾಡಲಿ?

ಕುಷ್ಟಗಿ_ಕೆಮಿಸ್ಟ್ರಿ

ಮೆಂಬರ್ ಅವರೇ, ಆ ಕಡ್ಡಿಯ ಆಟವನ್ನು ನಂಬಬೇಡಿ. ಒಂದು ಕಡ್ಡಿ ಕಬ್ಬಿಣದ್ದು ಇರುತ್ತದೆ. ನೀರಿನಲ್ಲಿ ಉಪ್ಪಿನಂಶ ಇದ್ದರೆ ಕರೆಂಟ್ ಹರಿಯುತ್ತದೆ, ಕರೆಂಟ್ ಹರಿದರೆ ಕಡ್ಡಿಯ ಕಬ್ಬಿಣವೇ ಕರಗಿ ತುಕ್ಕಾಗಿ ಬಣ್ಣ ಬರುತ್ತದೆ. ಆ ಕಂದು ಬಣ್ಣ ನಿಮ್ಮ ನೀರಿನದ್ದಲ್ಲ, ಅವರ ಕಡ್ಡಿಯದ್ದು. ಅವರ ಗ್ಲಾಸಿನಲ್ಲಿ ಆರ್‌ಒ ನೀರು ಇದ್ದಿರುತ್ತದೆ, ಅದರಲ್ಲಿ ಉಪ್ಪು ಇಲ್ಲ, ಕರೆಂಟ್ ಹರಿಯುವುದಿಲ್ಲ, ಕಡ್ಡಿ ಕರಗುವುದಿಲ್ಲ. ಅವರ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಅದೇ ಕಡ್ಡಿ ಇಳಿಸಿ ಅಂತ ಹೇಳಿ. ಎಲ್ಲರ ಎದುರಿಗೇ ಮಾಡಿಸಿ.

ಟಿಡಿಎಸ್ ಮೀಟರ್ ಕಥೆಯೂ ಇದೇ. ಅದು ಒಟ್ಟು ಉಪ್ಪಿನಂಶ ತೋರಿಸುತ್ತದೆ. ಫ್ಲೋರೈಡ್ ಎಷ್ಟು, ಆರ್ಸೆನಿಕ್ ಎಷ್ಟು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಟಿಡಿಎಸ್ ಕಡಿಮೆ ಇದ್ದ ನೀರಿನಲ್ಲೂ ಫ್ಲೋರೈಡ್ ಜಾಸ್ತಿ ಇರಬಹುದು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಇದನ್ನು ಮನೆಯವರಿಗೆಲ್ಲ ಹೇಳಿ, ಯಾಕೆಂದರೆ ಕುದಿಸಿ ಕುಡಿದರೆ ಸಾಕು ಅಂತ ತುಂಬಾ ಜನ ನಂಬಿದ್ದಾರೆ.

ಈಗ ನ್ಯಾನೋ ವಿಷಯ. ಫ್ಲೋರೈಡ್ ಹಿಡಿಯಲು ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಚೆನ್ನಾಗಿ ಕೆಲಸ ಮಾಡುತ್ತದೆ, ಅದನ್ನು ನ್ಯಾನೋ ಅಳತೆಗೆ ತಂದರೆ ಹಿಡಿಯುವ ಜಾಗ ಇನ್ನೂ ಜಾಸ್ತಿ. ಎಲುಬಿನಲ್ಲಿ ಇರುವಂಥ ಹೈಡ್ರಾಕ್ಸಿಅಪಟೈಟ್ ಕೂಡ ಹಿಡಿಯುತ್ತದೆ. ಲ್ಯಾಬಿನಲ್ಲಿ ಚೆನ್ನಾಗೇ ಬರುತ್ತದೆ. ನಮ್ಮ ಬೋರಿನ ನೀರಿನಲ್ಲಿ ಬಂದಾಗ ಕಷ್ಟ ಶುರುವಾಗುತ್ತದೆ. ಅಲ್ಯುಮಿನಾಗೆ ಸ್ವಲ್ಪ ಹುಳಿ ನೀರು ಬೇಕು, ಹುಳಿ-ಕ್ಷಾರ ಅಳೆಯುವ ಪಿಎಚ್ 5.5ರಿಂದ 6. ಗ್ರಾನೈಟ್ ಕಲ್ಲಿನಿಂದ ಬರುವ ಫ್ಲೋರೈಡ್ ನೀರು ಸಾಮಾನ್ಯವಾಗಿ ಕ್ಷಾರದ ಕಡೆ ಇರುತ್ತದೆ, ಬೈಕಾರ್ಬೊನೇಟ್ ಜಾಸ್ತಿ. ಆ ಬೈಕಾರ್ಬೊನೇಟ್ ಕೂಡ ಅದೇ ಮೇಲ್ಮೈಗೆ ಪೈಪೋಟಿ ಮಾಡುತ್ತದೆ. ಅಲ್ಲಿ ಐದು ಸಾವಿರ ಲೀಟರ್ ಶುದ್ಧ ಮಾಡಿದ ಸರಕು ಇಲ್ಲಿ ಅರ್ಧಕ್ಕೇ ಸುಸ್ತಾಗಬಹುದು. ಹಾಗಾಗಿ ಬ್ರೋಷರ್‌ನ ಅಂಕಿ ಬೇಡ. ನಿಮ್ಮದೇ ಬೋರಿನ ನೀರು ಹಾಕಿ, ಒಂದು ಕೊಡಕ್ಕಲ್ಲ, ವಾರಗಟ್ಟಲೆ ಓಡಿಸಿ, ಹೊರಬರುವ ನೀರನ್ನು ಬೇರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ತೋರಿಸಲಿ.

ಆರ್‌ಒ ಫ್ಲೋರೈಡ್ ತೆಗೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಸಣ್ಣ ಘಟಕಗಳಲ್ಲಿ ಅರ್ಧದಷ್ಟು ನೀರು, ಕೆಲವು ಕಡೆ ಇನ್ನೂ ಜಾಸ್ತಿ, ಹೊರಗೆ ಹೋಗುತ್ತದೆ. ಆ ನೀರಿನಲ್ಲಿ ಫ್ಲೋರೈಡ್ ಇಮ್ಮಡಿ. ಅದನ್ನು ಬೋರಿನ ಪಕ್ಕದ ಗುಂಡಿಗೇ ಬಿಟ್ಟರೆ ತಿರುಗಿ ಅಲ್ಲಿಗೇ ಬರುತ್ತದೆ ಅಲ್ವಾ?

ಹಟ್ಟಿ_ಊರವಳು

ನಮ್ಮ ಕಡೆ ಫ್ಲೋರೈಡಿನ ಜೊತೆ ಆರ್ಸೆನಿಕ್ ಭಯವೂ ಇದೆ ಅಕ್ಕಾ. ಬಂಗಾರದ ಗಣಿ ಇರುವ ಕಲ್ಲಿನಲ್ಲೇ ಆರ್ಸೆನಿಕ್ ಇರುತ್ತದೆ ಅಂತಾರೆ. ಹೌದಾ? ಇದಕ್ಕೆ ಯಾವ ಫಿಲ್ಟರ್?

ಕುಷ್ಟಗಿ_ಕೆಮಿಸ್ಟ್ರಿ

ಹೌದು ತಂಗಿ. ಬಂಗಾರದ ಜೊತೆ ಆರ್ಸೆನೊಪೈರೈಟ್ ಅನ್ನುವ ಖನಿಜ ಸಿಗುವುದು ಜಗತ್ತಿನ ಎಷ್ಟೋ ಕಡೆ ಇದೆ. ರಾಯಚೂರು, ಯಾದಗಿರಿ ಕಡೆಯ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಆರ್ಸೆನಿಕ್ ಮಿತಿ ಮೀರಿರುವುದು ದಾಖಲಾಗಿದೆ. ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಲ್ಯಾಬಿಗೆ ಕೊಡದೆ ಗೊತ್ತಾಗುವುದೇ ಇಲ್ಲ.

ನ್ಯಾನೋ ವಸ್ತು ನಿಜವಾಗಿ ಜನರ ಹೊಟ್ಟೆ ಕಾಪಾಡಿದ ಕಥೆ ಆರ್ಸೆನಿಕ್‌ನದ್ದೇ. ಕಬ್ಬಿಣದ ಆಕ್ಸೈಡಿಗೆ ಆರ್ಸೆನಿಕ್ ಗಟ್ಟಿಯಾಗಿ ಅಂಟುತ್ತದೆ. 2006ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 12 ನ್ಯಾನೋಮೀಟರಿನ ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್) ಕಣ ನೀರಿಗೆ ಹಾಕಿ, ಆರ್ಸೆನಿಕ್ ಅಂಟಿದ ಮೇಲೆ ಸಾಧಾರಣ ಅಯಸ್ಕಾಂತದಿಂದ ಅವನ್ನು ಎಳೆದು ತೆಗೆದು ತೋರಿಸಿದರು. ಆದರೆ ಪುಡಿಯನ್ನು ಪ್ರತಿ ಮನೆಯ ನೀರಿಗೆ ಹಾಕಿ ತೆಗೆಯುವುದು ಆಗುವ ಕೆಲಸವಲ್ಲ. ಐಐಟಿ ಮದ್ರಾಸಿನ ಪ್ರೊಫೆಸರ್ ಟಿ. ಪ್ರದೀಪ್ ಅವರ ತಂಡ ಇದನ್ನು ಬೇರೆ ರೀತಿ ಬಿಡಿಸಿತು. ಸಿಗಡಿ, ಏಡಿಯ ಚಿಪ್ಪಿನಿಂದ ಬರುವ ಕೈಟೊಸಾನ್ ಒಳಗೆ ಕಬ್ಬಿಣದ ನ್ಯಾನೋ ರಚನೆಯನ್ನು ಕಟ್ಟಿಹಾಕಿ ಹರಳಿನಂಥ ಕಾಳು ಮಾಡಿದರು. ಕಾಳು ನೀರಿನಲ್ಲಿ ಕರಗುವುದಿಲ್ಲ, ನ್ಯಾನೋ ಕಣ ಬಿಟ್ಟು ಹೋಗುವುದಿಲ್ಲ, ತಯಾರಿಸಲು ಕುಲುಮೆ ಬೇಡ, ಸಾಧಾರಣ ಉಷ್ಣತೆಯಲ್ಲಿ ನೀರಿನಲ್ಲೇ ಆಗುತ್ತದೆ. ಅದಕ್ಕೆ ಅಮೃತ್ ಅಂತ ಹೆಸರು. ಕರೆಂಟ್ ಇಲ್ಲದೆಯೂ ಓಡುತ್ತದೆ. ಪ್ರದೀಪ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು.

ಒಂದು ಎಚ್ಚರಿಕೆ. ಆರ್ಸೆನಿಕ್ ಹಿಡಿಯುವ ಕಬ್ಬಿಣದ ಕಾಳು ಫ್ಲೋರೈಡನ್ನು ಅಷ್ಟಾಗಿ ಹಿಡಿಯುವುದಿಲ್ಲ. "ನಮ್ಮ ನ್ಯಾನೋ ಎಲ್ಲವನ್ನೂ ತೆಗೆಯುತ್ತದೆ" ಅಂದವರನ್ನು ಬಾಗಿಲಿನಿಂದಲೇ ಕಳಿಸಿ. ನೀರಿನಲ್ಲಿ ಏನಿದೆ ಅಂತ ಮೊದಲು ಗೊತ್ತಾಗಬೇಕು, ಅದಕ್ಕೆ ತಕ್ಕ ವಸ್ತು ಆಮೇಲೆ.

ಸಂಡೂರು_ಕೆಂಪುಮಣ್ಣು

ಕಬ್ಬಿಣವೇ ಬೇಕಾದರೆ ನಮ್ಮ ಸಂಡೂರಿನಲ್ಲಿ ಬೆಟ್ಟಗಟ್ಟಲೆ ಇದೆಯಲ್ಲ! ಅದಿರು ತೊಳೆದ ಕೆಸರು ಸುಮ್ನೆ ಬಿದ್ದಿದೆ. ಅದನ್ನೇ ಯಾಕೆ ಫಿಲ್ಟರ್ ಮಾಡಬಾರದು?

ಕುಷ್ಟಗಿ_ಕೆಮಿಸ್ಟ್ರಿ

ಅಣ್ಣಾ, ದಯವಿಟ್ಟು ಯಾರೂ ಅದಿರಿನ ಪುಡಿಯನ್ನು ಕೊಡಕ್ಕೆ ಹಾಕಬೇಡಿ. ಅದಿರಿನ ಹೆಮಟೈಟ್ ಗಟ್ಟಿ ಹರಳು, ಮೇಲ್ಮೈ ಕಡಿಮೆ, ಜೊತೆಗೆ ಸಿಲಿಕಾ, ಅಲ್ಯುಮಿನಾ, ಬೇರೆ ಲೋಹಗಳೂ ಇರುತ್ತವೆ. ಆದರೆ ನೀವು ಹೋಗುತ್ತಿರುವ ದಾರಿ ಸರಿ ಇದೆ. ಐಐಟಿ ಖರಗ್‌ಪುರದವರು ಸಾಧಾರಣ ಜಂಬಿಟ್ಟಿಗೆ ಕಲ್ಲನ್ನೇ ರಾಸಾಯನಿಕವಾಗಿ ಹದ ಮಾಡಿ ಆರ್ಸೆನಿಕ್ ಫಿಲ್ಟರ್ ಮಾಡಿದ್ದಾರೆ, ಬಂಗಾಳದಲ್ಲಿ ಬಳಕೆಗೂ ತಂದಿದ್ದಾರೆ. ಅದಿರಿನ ಕೆಸರಿನಿಂದ ಕಬ್ಬಿಣವನ್ನು ಆಮ್ಲದಲ್ಲಿ ಕರಗಿಸಿ ಮತ್ತೆ ಇಳಿಸಿಕೊಂಡರೆ ಒಳ್ಳೆಯ ಸರಕು ಬರುತ್ತದೆ. ಅದಕ್ಕೆ ಲ್ಯಾಬ್ ಬೇಕು, ಆಮ್ಲದ ತ್ಯಾಜ್ಯಕ್ಕೂ ದಾರಿ ಬೇಕು. ಬಳ್ಳಾರಿಯ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಎಲ್ಲೆಲ್ಲೋ ವಿಷಯ ಹುಡುಕುವ ಬದಲು ಇದನ್ನು ತೆಗೆದುಕೊಳ್ಳಲಿ ಅಂತ ನನಗೆ ತುಂಬಾ ಆಸೆ.

ಯಲಬುರ್ಗಾ_ಮೆಂಬರ್

ಹಿಡಿದ ವಿಷ ಎಲ್ಲಿ ಹೋಗುತ್ತದೆ ಅಂದಿರಲ್ಲ, ಅದನ್ನು ಬಿಡಿಸಿ ಹೇಳಿ. ಹಳೇ ಕಾಳನ್ನು ತಿಪ್ಪೆಗೆ ಹಾಕಿದರೆ?

ಕುಷ್ಟಗಿ_ಕೆಮಿಸ್ಟ್ರಿ

ಬೇಡ. ನೀರಿನಲ್ಲಿ ಲೀಟರಿಗೆ ಇಷ್ಟೇ ಇಷ್ಟಿದ್ದದ್ದು ಅಲ್ಲಿ ಒಂದೇ ಕಡೆ ಒಟ್ಟಾಗಿರುತ್ತದೆ. ತಿಪ್ಪೆಯಲ್ಲಿ ಗಾಳಿ ಇಲ್ಲದೆ ಕೊಳೆಯುವಾಗ ಕಬ್ಬಿಣದ ಹಿಡಿತ ಸಡಿಲವಾಗಿ ಆರ್ಸೆನಿಕ್ ಮತ್ತೆ ಬಿಡುತ್ತದೆ. ಆ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಹಳೇ ಸರಕನ್ನು ಕೊಟ್ಟವರೇ ವಾಪಸು ಒಯ್ಯಬೇಕು, ಇಲ್ಲವೇ ಸಿಮೆಂಟಿನಲ್ಲಿ ಕಲಸಿ ಗಟ್ಟಿ ಮಾಡಿ, ಅದರಿಂದ ವಿಷ ಸೋರುವುದಿಲ್ಲ ಅಂತ ಪರೀಕ್ಷೆ ಮಾಡಿಸಿ ಇಡಬೇಕು. ಫ್ಲೋರೈಡಿನ ಅಲ್ಯುಮಿನಾವನ್ನು ಕಾಸ್ಟಿಕ್ ಸೋಡಾದಿಂದ ತೊಳೆದು ಮತ್ತೆ ಬಳಸುತ್ತಾರೆ, ಆ ತೊಳೆದ ನೀರು ಎಲ್ಲಿಗೆ ಬಿಡುತ್ತಾರೆ ಅಂತ ಕೇಳಿ. ಟೆಂಡರ್ ಕಾಗದದಲ್ಲಿ ಈ ಸಾಲು ಇರಬೇಕು: ಎಷ್ಟು ಲೀಟರ್ ಆದ ಮೇಲೆ ಬದಲು, ಖರ್ಚು ಯಾರದ್ದು, ಹಳೆಯದ್ದು ಯಾರ ಜವಾಬ್ದಾರಿ.

ಕೌಲ್‌ಬಜಾರ್_ವಾಷಿಂಗ್

ನಾನು ಬಳ್ಳಾರಿಯಲ್ಲಿ ಜೀನ್ಸ್ ವಾಷಿಂಗ್ ಯೂನಿಟ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಊರಿನ ಸಾವಿರಾರು ಮನೆ ಜೀನ್ಸಿನ ಮೇಲೇ ನಡೆಯುತ್ತವೆ. ಹೊಲಿಗೆ, ಗುಂಡಿ, ದಾರ ಕತ್ತರಿಸುವುದು ಎಲ್ಲ ಮನೆ ಮನೆಯಲ್ಲಿ. ಹಾಗಾಗಿ ನೀಲಿ ನೀರು ಕಂಡ ಕೂಡಲೆ "ಯೂನಿಟ್ ಮುಚ್ಚಿ" ಅಂತ ಬರೆಯುವವರು ಸ್ವಲ್ಪ ಯೋಚನೆ ಮಾಡಿ. ನಮಗೂ ಆ ನೀರು ಚರಂಡಿಗೆ ಹೋಗುವುದು ಇಷ್ಟವಿಲ್ಲ. ಟೈಟೇನಿಯಂ ಪುಡಿ ಹಾಕಿ ಬಿಸಿಲಿಗಿಟ್ಟರೆ ಬಣ್ಣ ಹೋಗುತ್ತದೆ ಅಂತ ಒಬ್ಬರು ಬಂದು ಹೇಳಿದರು. ಬಳ್ಳಾರಿ ಬಿಸಿಲಿಗೆ ಏನು ಕಡಿಮೆ? ಆಗುತ್ತದಾ?

ಕುಷ್ಟಗಿ_ಕೆಮಿಸ್ಟ್ರಿ

ಆಗುತ್ತದೆ, ಆದರೆ ಕೊನೆಯ ಹಂತದಲ್ಲಿ ಮಾತ್ರ. ಟೈಟೇನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿದ್ದರೆ ನೀರು ಒಡೆಯುತ್ತದೆ ಅಂತ 1972ರಲ್ಲಿ ಜಪಾನಿನ ಫುಜಿಶಿಮಾ, ಹೊಂಡಾ ತೋರಿಸಿದರು. ಬೆಳಕಿನಿಂದ ಹುಟ್ಟುವ, ತುಂಬಾ ಚುರುಕಾಗಿ ಪ್ರತಿಕ್ರಿಯಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಬಣ್ಣದ ಅಣುವನ್ನು ಚೂರು ಮಾಡುತ್ತವೆ. ತೊಂದರೆ ಏನೆಂದರೆ ಅದಕ್ಕೆ ಬೇಕಾದದ್ದು ಅಲ್ಟ್ರಾವಯಲೆಟ್ ಬೆಳಕು. ಬಿಸಿಲಿನಲ್ಲಿ ಅದು ಶೇ. 4-5 ಅಷ್ಟೇ. ನಿಮ್ಮ ನೀರು ಕಡು ನೀಲಿ, ಅದರಲ್ಲಿ ಪ್ಯೂಮಿಸ್ ಕಲ್ಲಿನ ಪುಡಿ, ಬಟ್ಟೆಯ ಗಂಜಿ, ನೂಲಿನ ಎಳೆ ಎಲ್ಲ ಇರುತ್ತದೆ. ಬೆಳಕು ಒಳಗೆ ಇಳಿಯುವುದೇ ಇಲ್ಲ. ಮೊದಲು ಪುಡಿ, ಎಳೆಗಳನ್ನು ತಳಕ್ಕೆ ಇಳಿಸಬೇಕು, ಗಂಜಿಯನ್ನು ಬ್ಯಾಕ್ಟೀರಿಯಾ ತಿನ್ನಬೇಕು, ಆಮೇಲೆ ಉಳಿದ ತಿಳಿ ಬಣ್ಣಕ್ಕೆ ಇದು. ಪುಡಿಯನ್ನು ಸುಮ್ಮನೆ ಹಾಕಿದರೆ ತಿರುಗಿ ತೆಗೆಯುವುದು ಕಷ್ಟ, ಗಾಜಿನ ಅಥವಾ ಸೆರಾಮಿಕ್ ಹಲಗೆಗೆ ಅಂಟಿಸಿರಬೇಕು. ಇನ್ನೊಂದು ಮಾತು, ಬಣ್ಣ ಹೋದ ಮಾತ್ರಕ್ಕೆ ಉಪ್ಪು ಹೋಗಿರುವುದಿಲ್ಲ. ತಿಳಿಯಾಗಿ ಕಾಣುವ ಉಪ್ಪುನೀರು ಹೊಲಕ್ಕೆ ಬಿಟ್ಟರೆ ಹೊಲ ಕೆಡುತ್ತದೆ.

ಕೌಲ್‌ಬಜಾರ್_ವಾಷಿಂಗ್

ಸಣ್ಣ ಯೂನಿಟ್ ಒಂದೊಂದೂ ಇಷ್ಟೆಲ್ಲ ಮಾಡಲು ಆಗುವುದಿಲ್ಲ ಮೇಡಂ. ಬಾಡಿಗೆ ಜಾಗ, ಜಾಬ್‌ವರ್ಕ್ ರೇಟು. ಎಲ್ಲರಿಗೂ ಸೇರಿ ಒಂದು ಶುದ್ಧೀಕರಣ ಘಟಕ ಇದ್ದರೆ ಮಾತ್ರ ಸಾಧ್ಯ. ದೊಡ್ಡ ಊರುಗಳಲ್ಲಿ ಈಗ ಲೇಸರ್‌ನಿಂದ ಡಿಸೈನ್ ಸುಡುತ್ತಾರೆ, ಓಝೋನ್‌ನಿಂದ ಬಣ್ಣ ತೆಗೆಯುತ್ತಾರೆ, ನೀರು ತುಂಬಾ ಕಡಿಮೆ ಸಾಕು, ಪೊಟ್ಯಾಸಿಯಂ ಪರ್ಮಾಂಗನೇಟ್ ಸ್ಪ್ರೇ ಮಾಡುವ ಹುಡುಗರ ಶ್ವಾಸಕೋಶವೂ ಉಳಿಯುತ್ತದೆ. ಕೊಳಕು ಮಾಡಿ ತೊಳೆಯುವುದಕ್ಕಿಂತ ಕೊಳಕೇ ಕಡಿಮೆ ಮಾಡುವ ಮಷಿನ್‌ಗೆ ಸಾಲ ಸಿಗಲಿ ಅಂತ ನಾನು ಕೇಳುತ್ತೇನೆ.

ಕುಷ್ಟಗಿ_ಕೆಮಿಸ್ಟ್ರಿ

ನಿಮ್ಮ ಮಾತು ಪೂರ್ತಿ ಒಪ್ಪಿದೆ. ಇದನ್ನು ಯಾವ ನ್ಯಾನೋ ಪುಡಿಯೂ ಮೀರಿಸುವುದಿಲ್ಲ.

ಗಿಣಿಗೇರಾದವನು

ನೀರಿನ ಮಾತಾಯಿತು. ನಮ್ಮ ಕಡೆ ಬಂದು ಗಾಳಿ ನೋಡಿ. ಬೆಳಿಗ್ಗೆ ಎದ್ದು ಕಟ್ಟೆ ಮೇಲೆ ಕೈ ಇಟ್ಟರೆ ಕೈ ಕಪ್ಪು. ಒಗೆದ ಬಟ್ಟೆ ಹೊರಗೆ ಹಾಕುವಂತಿಲ್ಲ, ದಾಳಿಂಬೆ, ಮೆಣಸಿನ ಗಿಡದ ಎಲೆ ಮೇಲೆ ಮಸಿ ಕೂತು ಬೆಳೆ ಸೊರಗುತ್ತದೆ, ಎತ್ತಿಗೆ ಹಾಕುವ ಕಣಿಕೆಯೂ ಕಪ್ಪು. ಸ್ಪಾಂಜ್ ಐರನ್ ಕಾರ್ಖಾನೆಗಳ ನಡುವೆ ಬದುಕುತ್ತಿದ್ದೇವೆ. 2025ರ ಫೆಬ್ರವರಿಯಲ್ಲಿ ಇಡೀ ಕೊಪ್ಪಳ ಬಂದ್ ಮಾಡಿ ಬೀದಿಗೆ ಇಳಿದದ್ದು ಸುಮ್ಮನೆ ಅಲ್ಲ. ಇದಕ್ಕೆ ನಿಮ್ಮ ನ್ಯಾನೋದಲ್ಲಿ ಏನಾದರೂ ಇದೆಯಾ?

ಕುಷ್ಟಗಿ_ಕೆಮಿಸ್ಟ್ರಿ

ಅಣ್ಣಾ, ನಿಮಗೆ ನೇರವಾಗಿ ಹೇಳುತ್ತೇನೆ: ನಿಮ್ಮ ಊರಿಗೆ ಬೇಕಾದದ್ದು ನ್ಯಾನೋ ಅಲ್ಲ. ನ್ಯಾನೋ ನೂಲಿನ ಬಟ್ಟೆಯ ಫಿಲ್ಟರ್‌ಗಳಿವೆ, ಮಾಸ್ಕ್‌ಗೆ, ಸಣ್ಣ ಯಂತ್ರಕ್ಕೆ ಚೆನ್ನ. ಆದರೆ ಚಿಮಣಿಯ ಧೂಳು ಹಿಡಿಯುವ ಯಂತ್ರ ಎಷ್ಟೋ ದಶಕಗಳಿಂದ ಇದೆ. ಇದನ್ನು ಬಲ್ಲವರು ಹೇಳಲಿ, ಶಕ್ತಿನಗರದ ಕಾಕಾ ಇಲ್ಲಿ ಇದ್ದಾರಲ್ಲ.

ಶಕ್ತಿನಗರ_ಕಾಕಾ

ಇದ್ದೇನೆ, ಎಲ್ಲ ಓದುತ್ತಿದ್ದೇನೆ. ಥರ್ಮಲ್‌ನಲ್ಲಿ ಅಂದರೆ ಶಕ್ತಿನಗರದ ಕಲ್ಲಿದ್ದಲಿನ ವಿದ್ಯುತ್ ಕೇಂದ್ರದಲ್ಲಿ ಬಹಳ ವರ್ಷ ಇದ್ದವನು ನಾನು. ಅಲ್ಲಿ ಮೊದಲ ಯೂನಿಟ್ 1985ರಲ್ಲಿ ಶುರುವಾಯಿತು, ಈಗ ಎಂಟು ಯೂನಿಟ್ ಸೇರಿ 1,720 ಮೆಗಾವಾಟ್. ಚಿಮಣಿಗೆ ಹೋಗುವ ಮೊದಲು ಹೊಗೆ, ಧೂಳು ಹಿಡಿಯುವ ಯಂತ್ರವಾದ ಇಎಸ್‌ಪಿ ಒಳಗೆ ಹಾದು ಬರುತ್ತದೆ. ಸಾವಿರಾರು ವೋಲ್ಟ್ ಕೊಟ್ಟು ಬೂದಿಯ ಕಣಕ್ಕೆ ವಿದ್ಯುತ್ ಹತ್ತಿಸುತ್ತಾರೆ, ಕಣ ಹೋಗಿ ತಗಡಿಗೆ ಅಂಟುತ್ತದೆ, ತಗಡಿಗೆ ಬಡಿದು ಕೆಳಗೆ ಉದುರಿಸುತ್ತಾರೆ. ಸರಿಯಾಗಿ ಓಡಿಸಿದರೆ ನೂರಕ್ಕೆ 99 ಭಾಗಕ್ಕಿಂತ ಜಾಸ್ತಿ ಬೂದಿ ಅಲ್ಲೇ ನಿಲ್ಲುತ್ತದೆ. ಆದರೆ ಅದು ಕರೆಂಟ್ ತಿನ್ನುತ್ತದೆ, ತಗಡು, ತಂತಿ ದುರಸ್ತಿ ಬೇಡುತ್ತದೆ. ರಾತ್ರಿ ಮಸಿ ಜಾಸ್ತಿ, ಹಗಲು ಕಡಿಮೆ ಅಂತ ನಿಮಗೆ ಕಂಡರೆ ಅದನ್ನು ದಿನಾಂಕ, ಗಂಟೆ ಹಾಕಿ ಫೋಟೋ ಸಮೇತ ಬರೆದಿಡಿ. ಚಿಮಣಿಯ ಆನ್‌ಲೈನ್ ಮೀಟರ್ ಅಂಕಿಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ಇನ್ನೊಂದು ವಿಷಯ ನನಗೆ ಕೊರೆಯುತ್ತದೆ. ಉರಿಯುವ ಪ್ರತಿಯೊಂದರಿಂದಲೂ ನ್ಯಾನೋ ಕಣ ಬರುತ್ತವೆ. ಡೀಸೆಲ್ ಹೊಗೆಯಲ್ಲಿ 100 ನ್ಯಾನೋಮೀಟರಿಗಿಂತ ಸಣ್ಣ ಮಸಿ ತುಂಬಾ ಇರುತ್ತದೆ. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕ ಶಾಲೆಗಳಿವೆ. ಗಾಳಿಯ ಧೂಳು ಅಳೆಯುವಾಗ ಹೇಳುವ ಪಿಎಂ 2.5 ಅಂದರೆ 2,500 ನ್ಯಾನೋಮೀಟರ್ ತನಕದ್ದು, ಈ ಸಣ್ಣ ಕಣ ತೂಕದಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಶ್ವಾಸಕೋಶದ ಆಳಕ್ಕೆ ಹೋಗುವುದು ಅದೇ. ಆ ರಸ್ತೆಯಲ್ಲಿ ನಡೆದು ಬರುವ ಮಕ್ಕಳ ಉಸಿರಿಗೆ ಇದು ಎಷ್ಟು ಹೋಗುತ್ತದೆ ಅಂತ ಯಾರೂ ಅಳೆಯುವುದಿಲ್ಲ.

ಹೊಸಬ_ಬಿಎಸ್ಸಿ

ಕಾಕಾ, ಕಲ್ಲಿದ್ದಲಿನ ಬದಲು ಸೋಲಾರ್, ಬ್ಯಾಟರಿಗೆ ನ್ಯಾನೋ ಸಹಾಯ ಮಾಡುತ್ತದೆ ಅಂತ ಓದಿದ್ದೇನೆ. ಪೆರೊವ್‌ಸ್ಕೈಟ್ ಅನ್ನುವ ಹೊಸ ವಸ್ತುವಿನ ಸೋಲಾರ್ ಸೆಲ್ ಬಿಸಿಲನ್ನು ಕರೆಂಟ್ ಮಾಡುವ ಪ್ರಮಾಣ 2009ರಲ್ಲಿ ಶೇ. 3.8 ಇದ್ದದ್ದು ಈಗ ಶೇ. 26 ದಾಟಿದೆಯಂತೆ. ಇದು ನಮ್ಮ ಬಿಸಿಲಿಗೆ ಬರುತ್ತದಾ?

ಶಕ್ತಿನಗರ_ಕಾಕಾ

ಅಂಕಿ ಸರಿ ಇದೆ ತಮ್ಮಾ, ಆದರೆ ಅದು ಉಗುರಿನಷ್ಟಗಲದ ಲ್ಯಾಬ್ ಸೆಲ್‌ನದ್ದು. ಪೆರೊವ್‌ಸ್ಕೈಟ್‌ಗೆ ತೇವ, ಬಿಸಿ ಎರಡೂ ಆಗುವುದಿಲ್ಲ, ಒಳಗೆ ಸೀಸ ಬೇರೆ. ರಾಯಚೂರಿನ ಮೇ ತಿಂಗಳಲ್ಲಿ 25 ವರ್ಷ ತಾಳಬೇಕು ಅಂದರೆ ಇನ್ನೂ ಕೆಲಸ ಇದೆ. ಸದ್ಯ ಮನೆ ಮೇಲೆ ಹಾಕುವುದಾದರೆ ಸಿಲಿಕಾನ್ ಪ್ಯಾನೆಲ್ಲೇ.

ಬ್ಯಾಟರಿಯಲ್ಲಿ ಮಾತ್ರ ನ್ಯಾನೋ ಈಗಾಗಲೇ ನಮ್ಮ ಮನೆ ಬಾಗಿಲಿಗೆ ಬಂದಿದೆ, ಹೆಸರು ಹಾಕಿಕೊಳ್ಳದೆ ಬಂದಿದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವಸ್ತು ಕರೆಂಟ್ ಹರಿಸುವುದರಲ್ಲಿ ಬಹಳ ನಿಧಾನ. ಅದನ್ನು ಅತಿ ಸಣ್ಣ ಕಣ ಮಾಡಿ ಮೇಲೆ ಕಾರ್ಬನ್ ಲೇಪ ಕೊಟ್ಟ ಮೇಲೆ ಉಪಯೋಗಕ್ಕೆ ಬಂತು. ಈಗ ಇ-ರಿಕ್ಷಾ, ಸೋಲಾರ್ ಇನ್ವರ್ಟರ್ ಇಂಥ ಎಷ್ಟೋ ಕಡೆ ಅದು ಬಳಕೆಯಲ್ಲಿದೆ.

ತೋರಣಗಲ್_ಛಾವಣಿ

ಸೋಲಾರ್ ಕೋಟಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಪ್ಯಾನೆಲ್ ಮೇಲೆ ವಾರದಲ್ಲಿ ಕೆಂಪು ಪದರ ಕೂರುತ್ತದೆ. ನ್ಯಾನೋ ಕೋಟಿಂಗ್ ಹೊಡೆಸಿದರೆ ಧೂಳು ನಿಲ್ಲುವುದೇ ಇಲ್ಲ ಅಂದರು, ಹೊಡೆಸಿದೆ. ಮಳೆ ಬಂದಾಗ ಚೆನ್ನಾಗಿ ಜಾರಿ ಹೋಗುತ್ತದೆ, ಮಳೆ ಇಲ್ಲದಾಗ ಮೊದಲಿನಂತೆಯೇ ಕೂರುತ್ತದೆ.

ಶಕ್ತಿನಗರ_ಕಾಕಾ

ಅದು ಹಾಗೆಯೇ. ಆ ಲೇಪ ನೀರಿನ ಹನಿ ಉರುಳಿ ಧೂಳು ಒಯ್ಯಲಿ ಅಂತ ಮಾಡಿದ್ದು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಕಡೆ ತಿಂಗಳುಗಟ್ಟಲೆ ಹನಿಯೇ ಇರುವುದಿಲ್ಲ. ಬೆಳಗಿನ ಜಾವ ಮೆತ್ತನೆ ಬಟ್ಟೆಯಿಂದ ಒರೆಸಿ, ಬೋರಿನ ಗಡಸು ನೀರು ಹಾಕಿ ಬಿಳಿ ಕಲೆ ಮಾಡಿಕೊಳ್ಳಬೇಡಿ.

ಕಾರಟಗಿ_ರೈಸ್‌ಮಿಲ್

ಎಲ್ಲರೂ ಹೊರಗಿನಿಂದ ಏನು ತರುವುದು ಅಂತ ಮಾತಾಡುತ್ತಿದ್ದೀರಿ. ನಮ್ಮಲ್ಲಿ ಇರುವುದರ ಬಗ್ಗೆ ನಾನು ಹೇಳುತ್ತೇನೆ. ಗಂಗಾವತಿ, ಕಾರಟಗಿ, ಸಿಂಧನೂರಿನ ಮಿಲ್‌ಗಳಲ್ಲಿ ಭತ್ತದ ಹೊಟ್ಟಿಗೆ ಕೊರತೆ ಇಲ್ಲ. ಒಂದು ಟನ್ ಭತ್ತಕ್ಕೆ ಸುಮಾರು 200 ಕಿಲೋ ಹೊಟ್ಟು. ಬಾಯ್ಲರ್‌ಗೆ ಹಾಕಿ ಸುಟ್ಟರೆ ಸುಮಾರು 40 ಕಿಲೋ ಬೂದಿ. ಆ ಬೂದಿಯಲ್ಲಿ ನೂರಕ್ಕೆ 85ರಿಂದ 95 ಭಾಗ ಸಿಲಿಕಾ (ಮರಳಿನಲ್ಲಿ ಇರುವ ವಸ್ತು), ಅದೂ ಗಿಡವೇ ಮಣ್ಣಿನಿಂದ ಹೀರಿ ಸಣ್ಣದಾಗಿ ಜೋಡಿಸಿಟ್ಟ ಸಿಲಿಕಾ. ಇದನ್ನು ರಸ್ತೆ ಪಕ್ಕ ಸುರಿದು ಬರುತ್ತಾರೆ, ಗಾಳಿಗೆ ಹಾರಿ ಬೈಕಿನವರ ಕಣ್ಣಿಗೆ ಬೀಳುತ್ತದೆ. ನನಗೆ ಇದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇದರಿಂದ ಏನೇನು ಮಾಡಿದ್ದಾರೆ ಗೊತ್ತಾ? 2009ರಲ್ಲಿ ಟಾಟಾದವರು ಸ್ವಚ್ಛ್ ಅಂತ ಫಿಲ್ಟರ್ ತಂದರು, ಅದರೊಳಗೆ ಇದ್ದದ್ದು ಹೊಟ್ಟಿನ ಬೂದಿ ಮತ್ತು ಅದಕ್ಕೆ ಹಚ್ಚಿದ ಬೆಳ್ಳಿಯ ನ್ಯಾನೋ ಕಣ. ಬೆಲೆ ಆಗ ಸಾವಿರ ರೂಪಾಯಿ ಒಳಗೆ ಇತ್ತು, ಕರೆಂಟ್ ಬೇಡವಾಗಿತ್ತು. ಬೆಂಗಳೂರಿನ ಐಐಎಸ್‌ಸಿಯವರು ಬೂದಿಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಶುದ್ಧ ಸಿಲಿಕಾ ಇಳಿಸುವ ವಿಧಾನ ಮಾಡಿದ್ದಾರೆ. ಆ ಸಿಲಿಕಾ ಟೈರಿಗೆ ಬೇಕು, ಟೈರಿನಲ್ಲಿ ಹಾಕಿದರೆ ಗಾಡಿ ಹಗುರಾಗಿ ಉರುಳಿ ಎಣ್ಣೆ ಉಳಿಯುತ್ತದೆ. ಉಳಿದ ಕರಿಯಿಂದ ಆಕ್ಟಿವೇಟೆಡ್ ಕಾರ್ಬನ್. 2013ರಲ್ಲಿ ಹೊಟ್ಟಿನಿಂದಲೇ ನ್ಯಾನೋ ಸಿಲಿಕಾನ್ ತೆಗೆದು ಲಿಥಿಯಂ ಬ್ಯಾಟರಿಯಲ್ಲಿ ಹಾಕಿ ತೋರಿಸಿದ್ದಾರೆ. ಅದೇ ತೂಕದ ಗ್ರಾಫೈಟಿಗಿಂತ ಸಿಲಿಕಾನ್ ಸುಮಾರು ಹತ್ತರಷ್ಟು ಲಿಥಿಯಂ ಹಿಡಿಯುತ್ತದೆ, ಆದರೆ ಚಾರ್ಜ್ ಆಗುವಾಗ ಉಬ್ಬಿ ಒಡೆಯುತ್ತದೆ. ನ್ಯಾನೋ ರಂಧ್ರ ಇದ್ದರೆ ಉಬ್ಬಲು ಜಾಗ ಸಿಕ್ಕಿ ಒಡೆಯುವುದಿಲ್ಲ.

ಒಂದು ಜಾಗರೂಕತೆ: ಬಾಯ್ಲರ್ ಬಿಸಿ ತುಂಬಾ ಏರಿದರೆ, ಸುಮಾರು 800 ಡಿಗ್ರಿ ದಾಟಿದರೆ, ಆ ಸಿಲಿಕಾ ಹರಳುಗಟ್ಟುತ್ತದೆ. ಆಗ ಕೆಲಸಕ್ಕೂ ಬರುವುದಿಲ್ಲ, ಶ್ವಾಸಕೋಶಕ್ಕೂ ಕೆಟ್ಟದ್ದು. ಬೂದಿ ತುಂಬುವ ಹಮಾಲರಿಗೆ ಮಾಸ್ಕ್ ಕೊಡದ ಮಿಲ್ ನನ್ನ ಪ್ರಕಾರ ನಡೆಯಲೇಬಾರದು. ಒಂದೊಂದು ಮಿಲ್‌ಗೆ ಸಿಲಿಕಾ ಘಟಕ ಹಾಕಲು ಆಗುವುದಿಲ್ಲ. ಕಾರಟಗಿಯಲ್ಲಿ ಹತ್ತಾರು ಮಿಲ್ ಸೇರಿ ಒಂದು ಹಾಕಬಹುದು. ಈ ಮಾತು ನಾನು ಸಂಘದ ಸಭೆಯಲ್ಲೂ ಎತ್ತುತ್ತಲೇ ಇರುತ್ತೇನೆ.

ಸಿಂಧನೂರು_ಭತ್ತ

ಭತ್ತದ ಮಾತು ಬಂದ ಮೇಲೆ ನಾನೂ ಬರೆಯುತ್ತೇನೆ. ಅಂಗಡಿಗೆ ಯೂರಿಯಾ ಚೀಲ ತರಲು ಹೋದರೆ ನ್ಯಾನೋ ಬಾಟಲಿ ತೆಗೆದುಕೊಂಡರೆ ಮಾತ್ರ ಚೀಲ ಅಂದರು. ಎರಡೂ ತಂದೆ. ಒಂದು ಬಾಟಲಿ ಒಂದು ಚೀಲಕ್ಕೆ ಸಮ ಅಂತ ಹೇಳುತ್ತಾರಲ್ಲ, ಮೇಡಂ ಇದರ ಲೆಕ್ಕ ಹಾಕಿಕೊಡಿ.

ಕುಷ್ಟಗಿ_ಕೆಮಿಸ್ಟ್ರಿ

ಲೆಕ್ಕ ಸುಲಭ ಅಣ್ಣಾ. 45 ಕಿಲೋ ಚೀಲದಲ್ಲಿ ಶೇ. 46 ಸಾರಜನಕ, ಅಂದರೆ 20 ಕಿಲೋ ಮೇಲೆ. 2021ರಲ್ಲಿ ಬಂದ 500 ಮಿಲಿಲೀಟರ್ ಬಾಟಲಿಯಲ್ಲಿ ಶೇ. 4, ಅಂದರೆ 20 ಗ್ರಾಂ. ಸಾವಿರ ಪಟ್ಟು ವ್ಯತ್ಯಾಸ. ಎಲೆಯ ಮೇಲೆ ಸಿಂಪಡಿಸಿದರೆ ನಷ್ಟ ಕಡಿಮೆ, ನೇರ ಒಳಗೆ ಹೋಗುತ್ತದೆ ಅನ್ನುವುದು ತಯಾರಿಸಿದವರ ವಾದ. ಮಣ್ಣಿಗೆ ಹಾಕಿದ ಯೂರಿಯಾದಲ್ಲಿ ಅರ್ಧಕ್ಕೂ ಹೆಚ್ಚು ಬೆಳೆಗೆ ಸಿಗದೆ ಹೋಗುವುದು ನಿಜ, ಅದು ನೀರಿಗೆ ನೈಟ್ರೇಟ್ ಆಗಿ, ಗಾಳಿಗೆ ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತದೆ. ಆದರೆ ನಷ್ಟ ಸೊನ್ನೆ ಮಾಡಿದರೂ 20 ಗ್ರಾಂ 20 ಗ್ರಾಂ ಆಗಿಯೇ ಇರುತ್ತದೆ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಎರಡು ವರ್ಷ ಹೊಲದಲ್ಲಿ ನೋಡಿದಾಗ, ಯೂರಿಯಾ ಅರ್ಧ ಕಡಿಮೆ ಮಾಡಿ ನ್ಯಾನೋ ಸಿಂಪಡಿಸಿದ ಕಡೆ ಗೋಧಿ ಇಳುವರಿ ಶೇ. 21.6, ಭತ್ತ ಶೇ. 13 ಇಳಿದಿತ್ತು. ಹಾಗಾಗಿ ಅದನ್ನು ನಂಬಿ ಮೇಲುಗೊಬ್ಬರ ಬಿಡಬೇಡಿ. ಉಳಿತಾಯ ಬೇಕಾದರೆ ಭತ್ತಕ್ಕೆ ಎಲೆ ಬಣ್ಣದ ಪಟ್ಟಿ ಇದೆ, ಎಲೆ ಪಕ್ಕ ಹಿಡಿದು ನೋಡಿ ಬೇಕಾದಾಗ ಮಾತ್ರ ಹಾಕುವುದು. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ನ್ಯಾನೋ ತಂತ್ರಜ್ಞಾನದ ಕೇಂದ್ರವೂ ಇದೆ. ನಿಮ್ಮ ಕಾಲುವೆ ಭಾಗದ ಗದ್ದೆಯಲ್ಲೇ ಪ್ರಯೋಗ ಮಾಡಿ ಅಂತ ರೈತರು ಒಟ್ಟಾಗಿ ಕೇಳಿ.

ಹೊಸಬ_ಬಿಎಸ್ಸಿ

ಈ ಕಣಗಳು ನಮ್ಮ ದೇಹಕ್ಕೇ ಹೋದರೆ?

ಕುಷ್ಟಗಿ_ಕೆಮಿಸ್ಟ್ರಿ

ಕೇಳಲೇಬೇಕಾದ ಪ್ರಶ್ನೆ. ಎಲ್ಲ ನ್ಯಾನೋ ಒಂದೇ ಅಲ್ಲ. ಉದ್ದನೆಯ ಕಾರ್ಬನ್ ನ್ಯಾನೋಟ್ಯೂಬ್ (ಕಾರ್ಬನ್ನಿನ ಅತಿ ಸಣ್ಣ ಕೊಳವೆ) ಇಲಿಗಳಲ್ಲಿ ಕಲ್ನಾರಿನಂಥ ಹಾನಿ ಮಾಡಿದ್ದು 2008ರಲ್ಲೇ ಗೊತ್ತಾಯಿತು. ಟೈಟೇನಿಯಂ ಡೈಆಕ್ಸೈಡನ್ನು ಆಹಾರಕ್ಕೆ ಹಾಕುವುದನ್ನು ಯುರೋಪ್ 2022ರಲ್ಲಿ ನಿಲ್ಲಿಸಿತು. ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಆದರೆ ಹೊರಬರುವ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು. ಕೃಷಿ ಮತ್ತು ಆಹಾರದ ನ್ಯಾನೋ ವಸ್ತುಗಳಿಗೆ ನಮ್ಮ ಸರ್ಕಾರ 2020ರಲ್ಲಿ ಮಾರ್ಗಸೂಚಿ ತಂದಿದೆ. ಕಣ ಕಾಳಿನಲ್ಲಿ, ಹಲಗೆಯಲ್ಲಿ ಗಟ್ಟಿಯಾಗಿ ಕೂತಿದ್ದರೆ ಅಪಾಯ ಕಡಿಮೆ. ಸಡಿಲ ಪುಡಿ ಆದರೆ ನನಗೂ ಭಯವೇ. ತಯಾರಿಸುವ ಕಡೆ ಕೆಲಸ ಮಾಡುವವರ ಉಸಿರಿನ ಬಗ್ಗೆ ಎಲ್ಲರಿಗಿಂತ ಮೊದಲು ಯೋಚಿಸಬೇಕು.

ಯಲಬುರ್ಗಾ_ಮೆಂಬರ್

ಮೇಡಂ, ಎಲ್ಲ ಬರೆದುಕೊಂಡಿದ್ದೇನೆ. ಮುಂದಿನ ಸಭೆಯಲ್ಲಿ ಫಿಲ್ಟರ್‌ನವರಿಗೆ ಕೇಳುತ್ತೇನೆ. ಅದಕ್ಕಿಂತ ಮೊದಲು ನೀರು ಪರೀಕ್ಷೆ ಮಾಡಿಸಬೇಕಲ್ಲ, ಹೇಗೆ ಹಿಡಿಯಬೇಕು?

ಕುಷ್ಟಗಿ_ಕೆಮಿಸ್ಟ್ರಿ

ಪಂಚಾಯ್ತಿಗೆ ಕೊಟ್ಟ ಕಿಟ್‌ನಲ್ಲಿ ಫ್ಲೋರೈಡ್, ನೈಟ್ರೇಟ್ ಅಂದಾಜು ಸಿಗುತ್ತದೆ, ಅದನ್ನು ಇವತ್ತೇ ಮಾಡಿ. ಆಮೇಲೆ ಜಿಲ್ಲಾ ಲ್ಯಾಬಿಗೆ ಕೊಡಿ. ಬೋರ್ ಐದು ಹತ್ತು ನಿಮಿಷ ಓಡಲಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಫ್ಲೋರೈಡಿಗೆ ಗಾಜಿನ ಬಾಟಲಿ ಬೇಡ, ಹೊಸ ಪ್ಲಾಸ್ಟಿಕ್ ಬಾಟಲಿ. ಅದೇ ನೀರಿನಿಂದ ಎರಡು ಮೂರು ಸಲ ಗಲಬರಿಸಿ ತುಂಬಿ. ಆರ್ಸೆನಿಕ್‌ಗೆ ಬೇರೆ ಬಾಟಲಿ, ಅದಕ್ಕೆ ಆಮ್ಲ ಹಾಕಿಡಬೇಕಾಗುತ್ತದೆ, ಹಾಗಾಗಿ ಲ್ಯಾಬಿನವರಿಂದಲೇ ತನ್ನಿ. ಬೋರಿನ ಜಾಗ, ಆಳ, ದಿನಾಂಕ ಬರೆದು ಅಂಟಿಸಿ. ಪಿಎಚ್, ಬೈಕಾರ್ಬೊನೇಟ್ ಕೂಡ ನೋಡಿ ಅಂತ ಹೇಳಿ, ಫಿಲ್ಟರ್ ಆರಿಸಲು ಅದು ಬೇಕೇ ಬೇಕು. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಮಾಡಿಸಿ, ನೀರಿನ ಮಟ್ಟ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಯಲಬುರ್ಗಾ_ಮೆಂಬರ್

ಆಯಿತು. ಊರಲ್ಲಿ ಇರುವ ಎಲ್ಲ ಬೋರಿನದ್ದೂ ಕೊಡಿಸುತ್ತೇನೆ, ಶಾಲೆ ಮತ್ತು ಅಂಗನವಾಡಿಯದ್ದು ಮೊದಲು. ಕೊಪ್ಪಳದ ಲ್ಯಾಬಿಗೆ ಸೋಮವಾರ ಹೋಗುತ್ತೇನೆ. ಹಟ್ಟಿಯ ತಂಗಿ, ನೀವೂ ನಿಮ್ಮೂರಿನದ್ದು ಮಾಡಿಸಿ, ರಿಪೋರ್ಟ್ ಇಲ್ಲೇ ಹಾಕೋಣ.

ಹಟ್ಟಿ_ಊರವಳು

ಮಾಡಿಸುತ್ತೇನೆ ಅಣ್ಣಾ. ನಮ್ಮ ಓಣಿಯ ಕೈಪಂಪಿನದ್ದೂ ಸೇರಿಸುತ್ತೇನೆ. ಆರ್ಸೆನಿಕ್ ಬಾಟಲಿ ಲಿಂಗಸುಗೂರಿನಲ್ಲಿ ಸಿಗುತ್ತದಾ, ರಾಯಚೂರಿಗೇ ಹೋಗಬೇಕಾ ಅಂತ ಗೊತ್ತಿದ್ದವರು ಬರೆಯಿರಿ.